ಕಿಟಕಿ ಮುಚ್ಚಿದರೆ ಕೆಲಸ ಮುಗಿಯಿತೇ?

ವಿದ್ಯಾರ್ಥಿವೇತನಕ್ಕೆ ಅರ್ಜಿ ಕರೆದರೆ ಸಾಕು, ಕೋಲಾರದ ಸೈಬರ್ ಸೆಂಟರ್‌ಗಳಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಲ್ಲೂ ಇದೇ ಕಥೆ. ಎಸ್‌ಎಸ್‌ಪಿ ಅರ್ಜಿ, ಸಿಇಟಿ ಸೀಟು ಆಯ್ಕೆ, ಕೆಪಿಎಸ್‌ಸಿ ಅರ್ಜಿ ಎಲ್ಲವೂ ಅದೇ ಎರಡು ಮೂರು ಕಂಪ್ಯೂಟರ್‌ಗಳಲ್ಲಿ. ಒಬ್ಬರು ಎದ್ದ ಕುರ್ಚಿಯಲ್ಲಿ ಇನ್ನೊಬ್ಬರು ಕೂರುತ್ತಾರೆ. ಏಳುವಾಗ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಮೂಲೆಯ ‘ಎಕ್ಸ್’ ಒತ್ತಿ ಕಿಟಕಿ ಮುಚ್ಚುವುದು.

‘ಕ್ಲೋಸ್ ಮಾಡಿದ್ದೆ ಕಣೋ, ಆದ್ರೂ ಮುಂದಿನವರಿಗೆ ನನ್ನ ಮೇಲ್ ಹೇಗೆ ಓಪನ್ ಆಯ್ತು?’ ಬಿಇ ಓದುತ್ತಿರುವ ನನ್ನನ್ನು ಗೆಳೆಯರು ಹೀಗೆ ಕೇಳುತ್ತಿರುತ್ತಾರೆ. ಉತ್ತರ ಸರಳ. ನಾವು ಎದ್ದು ಹೋದರೂ ಬ್ರೌಸರ್‌ನಲ್ಲಿ ನಮ್ಮದು ಮೂರು ಬಗೆಯ ಉಳಿಕೆ ಇರುತ್ತದೆ. ಮೂರಕ್ಕೂ ಮದ್ದು ಬೇರೆ ಬೇರೆ.

ಮೊದಲನೆಯದು ಕ್ಯಾಶ್. ಪುಟದ ಚಿತ್ರ, ಲೋಗೊ, ಕೋಡ್‌ಗಳ ಪ್ರತಿಯನ್ನು ಬ್ರೌಸರ್ ಎತ್ತಿಟ್ಟುಕೊಳ್ಳುತ್ತದೆ. ಮುಂದಿನ ಸಲ ‘ಇದು ಬದಲಾಗಿದೆಯೇ?’ ಎಂದು ಸರ್ವರ್‌ಗೆ ಕೇಳುತ್ತದೆ. ಇಲ್ಲವೆಂದರೆ ‘304’ ಎಂಬ ಪುಟ್ಟ ಉತ್ತರ ಬರುತ್ತದೆ, ಹಳೆಯ ಪ್ರತಿಯೇ ತೆರೆಯುತ್ತದೆ. ನೆಟ್‌ವರ್ಕ್ ನಿಧಾನವಿರುವ ಊರಿನಲ್ಲಿ ಇದು ಉಪಕಾರವೇ. ಆದರೆ ಕೆಲವೊಮ್ಮೆ ಕೇಳದೆಯೇ ಹಳೆಯದನ್ನು ತೋರಿಸುವುದೂ ಉಂಟು. ಫಲಿತಾಂಶ ಬಂದಿದ್ದರೂ ನಿನ್ನೆಯ ಪುಟವೇ ಕಂಡರೆ ಕಂಟ್ರೋಲ್ ಕೀಲಿ ಹಿಡಿದು ಎಫ್5 ಒತ್ತಿ.

ಎರಡನೆಯದು ಕುಕಿ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ರೂಪಿಸಿದ ಪುಟ್ಟ ಚೀಟಿ ಇದು. ನಮ್ಮ ಬಸ್ ಪಾಸ್ ಇದ್ದ ಹಾಗೆ. ಒಮ್ಮೆ ಲಾಗಿನ್ ಆದರೆ ಸೈಟ್ ಒಂದು ಪಾಸ್ ಕೊಡುತ್ತದೆ, ಆಮೇಲೆ ಪಾಸ್‌ವರ್ಡ್ ಕೇಳುವುದಿಲ್ಲ. ಆದರೆ ಈ ಪಾಸ್‌ನಲ್ಲಿ ಫೋಟೊ ಇರುವುದಿಲ್ಲ. ಅದೇ ಬ್ರೌಸರ್ ಮುಂದೆ ಯಾರು ಕೂತರೂ ನಡೆಯುತ್ತದೆ. ಕುಕಿ ಅಳಿಸುವುದೆಂದರೆ ನಮ್ಮ ಕೈಯ ಪಾಸ್ ಹರಿದು ಹಾಕಿದಂತೆ. ಲಾಗ್‌ಔಟ್ ಮಾಡುವುದೆಂದರೆ, ಆ ಪಾಸ್ ರದ್ದು ಮಾಡಿ ಎಂದು ಕೊಟ್ಟವರಿಗೇ ಹೇಳಿದಂತೆ. ಹಾಗಾಗಿ ಮೊದಲು ಲಾಗ್‌ಔಟ್, ಆಮೇಲೆ ಅಳಿಸುವ ಕೆಲಸ.

ಮೂರನೆಯದು ಹಿನ್ನೆಲೆಯ ಸಂಪರ್ಕ. ಪುಟ ತೆರೆದ ಮೇಲೂ ಬ್ರೌಸರ್ ಸರ್ವರ್ ಜೊತೆಗಿನ ಕೊಂಡಿಯನ್ನು ಸ್ವಲ್ಪ ಹೊತ್ತು ಬಿಡುವುದಿಲ್ಲ. ಪ್ರತಿ ಸಲ ಹೊಸದಾಗಿ ಜೋಡಿಸಲು ಸಮಯ ಹಿಡಿಯುತ್ತದಲ್ಲ, ಅದಕ್ಕೆ. ಇದರಲ್ಲಿ ಹೆದರುವಂಥದ್ದೇನಿಲ್ಲ. ಎಚ್ಚರ ಬೇಕಿರುವುದು ‘ನೋಟಿಫಿಕೇಶನ್ ಕಳಿಸಬಹುದೇ?’ ಎಂದು ಕೇಳಿದಾಗ. ‘ಅಲೋ’ ಒತ್ತಿದರೆ ‘ಸರ್ವಿಸ್ ವರ್ಕರ್’ ಎಂಬ ಪುಟ್ಟ ಪ್ರೋಗ್ರಾಮ್ ಉಳಿದುಕೊಂಡು, ಸೈಟ್ ಮುಚ್ಚಿದ ಮೇಲೂ ಸಂದೇಶ ಬಂದಾಗ ಎದ್ದೇಳುತ್ತದೆ. ವಿಂಡೋಸ್‌ನಲ್ಲಿ ಕ್ರೋಮ್ ಮುಚ್ಚಿದ ನಂತರವೂ ಹಿನ್ನೆಲೆಯಲ್ಲಿ ಓಡಬಲ್ಲದು. ಸೆಟ್ಟಿಂಗ್ಸ್‌ನ ‘ಸಿಸ್ಟಮ್’ ವಿಭಾಗದಲ್ಲಿ ಅದನ್ನು ನಿಲ್ಲಿಸಬಹುದು.

ಹಾಗಾದರೆ ಮಾಡಬೇಕಾದ್ದೇನು? ಬೇರೆಯವರ ಕಂಪ್ಯೂಟರ್‌ನಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆದೇ ಶುರು ಮಾಡಿ. ಅಂಥ ಕಿಟಕಿಗಳನ್ನೆಲ್ಲ ಮುಚ್ಚಿದಾಗ ಕುಕಿ, ಹಿಸ್ಟರಿ ಅಳಿದು ಹೋಗುತ್ತವೆ. ‘ಸೇವ್ ಪಾಸ್‌ವರ್ಡ್’ ಎಂದರೆ ಬೇಡ ಎನ್ನಿ. ಸಾಮಾನ್ಯ ಕಿಟಕಿಯಲ್ಲೇ ಕೆಲಸ ಮಾಡಿದ್ದರೆ, ಲಾಗ್‌ಔಟ್ ಆದ ಮೇಲೆ ಕಂಟ್ರೋಲ್, ಶಿಫ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ. ಅಳಿಸುವ ಪಟ್ಟಿ ತೆರೆಯುತ್ತದೆ.

ಇಷ್ಟಾದರೂ ಒಂದು ಉಳಿಯುತ್ತದೆ: ಡೌನ್‌ಲೋಡ್ಸ್ ಫೋಲ್ಡರ್. ಇನ್‌ಕಾಗ್ನಿಟೊ ಅದನ್ನು ಮುಟ್ಟುವುದಿಲ್ಲ. ಆಧಾರ್, ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಪ್ರತಿಗಳು ಅಲ್ಲೇ ಕೂತಿರುತ್ತವೆ. ಅವನ್ನು ನಾವೇ ಡಿಲೀಟ್ ಮಾಡಬೇಕು, ರೀಸೈಕಲ್ ಬಿನ್ ಕೂಡ ಖಾಲಿ ಮಾಡಬೇಕು.

ಮನೆಯಲ್ಲಿ ಲ್ಯಾಪ್‌ಟಾಪ್ ಇರುವವರಿಗೆ ಇದು ಸಣ್ಣ ವಿಷಯ ಅನಿಸಬಹುದು. ಆದರೆ ಹಳ್ಳಿಯಿಂದ ಬಸ್ ಹತ್ತಿ ಬಂದು, ಸರದಿಯಲ್ಲಿ ಕಾದು ಅರ್ಜಿ ಹಾಕುವವರ ವರ್ಷದ ಫೀಸೇ ಆ ಲಾಗಿನ್‌ನೊಳಗೆ ಇರುತ್ತದೆ. ಹಿಂದೆ ಕಾಯುವವರು ಅವಸರಿಸಿದರೂ ಪರವಾಗಿಲ್ಲ, ಕುರ್ಚಿ ಬಿಡುವ ಮುನ್ನ ಎರಡು ನಿಮಿಷ ಕೇಳಿ ಪಡೆಯಿರಿ. ಗೊತ್ತಿಲ್ಲದವರು ಪಕ್ಕದಲ್ಲಿದ್ದರೆ ಅವರಿಗೂ ಹೇಳಿಕೊಡಿ.