ಅಮವಾಸ್ಯೆಗೊಮ್ಮೆ ನೋಡಬೇಕಾದ ದೀಪ

ಕಲಬುರಗಿಯಲ್ಲಿ ಕರೆಂಟ್ ಹೋದರೆ ಯಾರೂ ಗಾಬರಿಯಾಗುವುದಿಲ್ಲ. ‘ಜರಾ ತಡೀರಿ, ಈಗ ಬರ್ತದ’ ಎನ್ನುತ್ತಾರೆ. ನೆಹರು ಗಂಜಿನ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು ಪೆನ್ನು ಹಿಡಿದೇ ಕಾಯುತ್ತಾರೆ; ಬ್ಯಾಂಕಿನ ಸಾಲಿನಲ್ಲಿದ್ದವರು ಮೊಬೈಲ್ ಟಾರ್ಚ್ ಹಚ್ಚಿಕೊಂಡು ನಿಂತಲ್ಲೇ ನಿಲ್ಲುತ್ತಾರೆ. ಲೋಡ್ ಶೆಡ್ಡಿಂಗಿನಲ್ಲೇ ಬೆಳೆದ ಊರಿಗೆ ಈ ತಾಳ್ಮೆ ತಾನಾಗಿ ಬಂದಿದೆ. ಆದರೆ ದೀಪ ಆರಿದ್ದು ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡು ಹೊತ್ತಿದ್ದರಿಂದ ಎಂದಾದರೆ, ಇದೇ ತಾಳ್ಮೆ ಪ್ರಾಣಕ್ಕೆ ಎರವಾಗುತ್ತದೆ. ಆಗ ಕೂತವರು ಎದ್ದು ಹೊರಡಬೇಕು, ಹೊರಡಲು ದಾರಿ ಕಾಣಬೇಕು. ಆ ಹೊತ್ತಿಗೆಂದೇ ಆಸ್ಪತ್ರೆ, ಮಾಲ್, ಕಾರ್ಖಾನೆಗಳ ಹೊರಬಾಗಿಲ ಮೇಲೆ ಎರಡು ಬಲ್ಬಿನ ಒಂದು ಪೆಟ್ಟಿಗೆ ಕೂತಿರುತ್ತದೆ. ಅದು ಅಲ್ಲಿಗೆ ಬಂದ ಕಥೆ ಸಾವಿನ ಮನೆಗಳನ್ನು ಹಾದು ಬಂದದ್ದು.

1881ರ ಡಿಸೆಂಬರ್ 8ರ ಸಂಜೆ. ವಿಯೆನ್ನಾದ ರಿಂಗ್ ಥಿಯೇಟರಿನಲ್ಲಿ ಪರದೆ ಏಳುವ ಮೊದಲು ರಂಗದ ಗ್ಯಾಸ್ ದೀಪಗಳನ್ನು ಹಚ್ಚುವಾಗ ಬೆಂಕಿ ಹತ್ತಿತು. ಗ್ಯಾಸ್ ಬಂದ್ ಮಾಡಿದರು. ಸಭಾಂಗಣ, ಮೆಟ್ಟಿಲು, ಓಣಿ ಎಲ್ಲವೂ ಕತ್ತಲಾದವು. ಇಂಥ ಕತ್ತಲಿಗೆಂದೇ ದಾರಿಯುದ್ದಕ್ಕೂ ಎಣ್ಣೆ ದೀಪಗಳನ್ನು ಇಟ್ಟಿದ್ದರು. ಅಂದು ಅವನ್ನು ಯಾರೂ ಹಚ್ಚಿರಲಿಲ್ಲ. ಬಾಗಿಲುಗಳು ಒಳಮುಖವಾಗಿ ತೆರೆಯುವಂಥವು. ಹೊರಗೆ ಪೊಲೀಸರು ಎಲ್ಲರೂ ಪಾರಾಗಿದ್ದಾರೆ ಎಂದು ಹೇಳುತ್ತಿದ್ದಾಗ, ಒಳಗೆ ಜನ ಗೋಡೆ ತಡವುತ್ತ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಸರ್ಕಾರಿ ಲೆಕ್ಕದಲ್ಲೇ 384 ಮಂದಿ ಸತ್ತರು. ತುರ್ತು ದೀಪದ ಚರಿತ್ರೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಈ ಘಟನೆ. ದೀಪವಿತ್ತು, ಎಣ್ಣೆಯ ಖರ್ಚಿಗೂ ಬರವಿರಲಿಲ್ಲ. ಸಂಜೆಗೊಮ್ಮೆ ಅದನ್ನು ನೋಡಿಕೊಳ್ಳುವವರಿರಲಿಲ್ಲ, ಅಷ್ಟೇ.

ಗ್ಯಾಸ್ ಹೋಗಿ ಕರೆಂಟ್ ಬಂದಮೇಲೂ ಕತ್ತಲು ತಪ್ಪಲಿಲ್ಲ. 1942ರ ನವೆಂಬರ್ 28ರ ರಾತ್ರಿ ಅಮೆರಿಕದ ಬಾಸ್ಟನ್ ನಗರದ ಕೊಕೊನಟ್ ಗ್ರೋವ್ ಎಂಬ ಕ್ಲಬ್ಬಿಗೆ ಬೆಂಕಿ ಬಿದ್ದಾಗ ದೀಪಗಳು ಆರಿಹೋದವು. 492 ಜನ ಸತ್ತರು. ದಾರಿ ತೋರುವ ದೀಪಕ್ಕೆ ಕಟ್ಟಡದ ಮಾಮೂಲಿ ಲೈನನ್ನು ನೆಚ್ಚಬಾರದು, ಅದಕ್ಕೆ ಅದರದೇ ಬೇರೆ ಮೂಲ ಬೇಕು ಎಂಬ ತಿಳಿವಳಿಕೆ ಅಲ್ಲಿಂದೀಚೆಗೆ ಗಟ್ಟಿಯಾಯಿತು. ಬ್ರಿಟನ್ 1975ರಲ್ಲಿ ಇದಕ್ಕೆಂದೇ ಒಂದು ಮಾನದಂಡ ತಂದಿತು. ನಮ್ಮಲ್ಲಿ ರಾಷ್ಟ್ರೀಯ ಕಟ್ಟಡ ಸಂಹಿತೆ 1970ರಲ್ಲಿ ಮೊದಲು ಬಂತು. ತುರ್ತು ದೀಪದ ಪೆಟ್ಟಿಗೆಗೆ ಐಎಸ್ 9583 ಎಂಬ ಭಾರತೀಯ ಮಾನಕ 1981ರದು. 2005ರ ಹೊತ್ತಿಗೆ ಸಂಹಿತೆ ಸ್ಪಷ್ಟವಾಗಿ ಹೇಳಿತು: ಮಾಮೂಲಿ ದೀಪ ಆರಿದ 1 ಸೆಕೆಂಡಿನೊಳಗೆ ತುರ್ತು ದೀಪ ಹತ್ತಬೇಕು, ಕಟ್ಟಡ ಎಷ್ಟೇ ಸಣ್ಣದಿರಲಿ ಒಂದೂವರೆ ಗಂಟೆ ಉರಿಯಬೇಕು, ಆಗಾಗ ಪರೀಕ್ಷಿಸಿ ಸುಸ್ಥಿತಿಯಲ್ಲಿ ಇಡಬೇಕು.

ಈ ಮಾತು ಪುಸ್ತಕಕ್ಕೆ ಹತ್ತುವ ಮೊದಲೇ ದಿಲ್ಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಹೊಗೆಯಲ್ಲಿ ಉಸಿರುಗಟ್ಟಿ ಸತ್ತಿದ್ದರು. 1997ರ ಜೂನ್ 13, ಮಧ್ಯಾಹ್ನದ ಆಟ. ಬಾಲ್ಕನಿಯಲ್ಲಿದ್ದವರಿಗೆ ದಾರಿ ತೋರುವ ದೀಪವೂ ಇರಲಿಲ್ಲ, ಎದ್ದು ಹೋಗಿ ಎನ್ನುವ ಧ್ವನಿಯೂ ಇರಲಿಲ್ಲ. ಮಾತು ಪುಸ್ತಕದಲ್ಲಿ ಸೇರಿ ಐದು ವರ್ಷಕ್ಕೆ, 2010ರ ಫೆಬ್ರುವರಿ 23ರಂದು, ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್. ಹಾಡುಹಗಲು, ಕೆಲಸದ ವೇಳೆ. ವಿದ್ಯುತ್ ತಂತಿಗಳ ಡಕ್ಟಿನಲ್ಲಿ ಎದ್ದ ಬೆಂಕಿಯ ಹೊಗೆ ಮೆಟ್ಟಿಲನ್ನೆಲ್ಲ ತುಂಬಿತು. ಗಾಜು ಒಡೆದು ಕೆಳಗೆ ಹಾರಿದವರಿದ್ದರು. ಸತ್ತವರು 9 ಮಂದಿ. ಅಂದು ಪ್ರಾಣ ಕಳೆದುಕೊಂಡವರ ಮನೆಯವರು ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಸಂಘಟನೆ ಕಟ್ಟಿ ಅಗ್ನಿಸುರಕ್ಷತೆಗಾಗಿ ದುಡಿದರು. ತುರ್ತು ದೀಪ ರಾತ್ರಿ ಪಾಳಿಯವರಿಗೆ ಮಾತ್ರ ಎನ್ನುವವರು ಈ ಘಟನೆಯನ್ನು ನೆನೆಯಬೇಕು. ದಟ್ಟ ಹೊಗೆ ತುಂಬಿದ ಮೆಟ್ಟಿಲಿಗೆ ಹಗಲು ರಾತ್ರಿಯ ಭೇದವಿಲ್ಲ.

ಇನ್ನು ನಮ್ಮ ಕಡೆಗೆ ಬರೋಣ. ಕಲಬುರಗಿಗೆ ತುರ್ತು ದೀಪ ಬಂದದ್ದು ಬೇರೆಯೇ ದಾರಿಯಿಂದ. ಕಂದೀಲು, ಪೆಟ್ರೋಮ್ಯಾಕ್ಸ್, ಆಮೇಲೆ ಚಾರ್ಜ್ ಮಾಡುವ ಟ್ಯೂಬಿನ ಲೈಟು, ಆಮೇಲೆ ಇನ್ವರ್ಟರ್, ಜನರೇಟರ್. ಎಲ್ಲವೂ ಕರೆಂಟ್ ಬರುವ ತನಕ ಕೆಲಸ ಸಾಗಲಿ ಎಂದು ಬಂದವು. ಹಾಗಾಗಿ ‘ನಮ್ಮಲ್ಲಿ ಇನ್ವರ್ಟರ್ ಅದರಿ, ಇನ್ನೇನು ಬೇಕು’ ಎನ್ನುವ ಉತ್ತರ ಎಲ್ಲೆಡೆ ಸಿಗುತ್ತದೆ. ಇನ್ವರ್ಟರ್ ಇರುವ ಮೂಲೆಗೇ ಬೆಂಕಿ ಬಿದ್ದರೆ, ಅಲ್ಲಿಂದ ಮೆಟ್ಟಿಲಿಗೆ ಹೋದ ವೈರು ಸುಟ್ಟರೆ ಅದು ಯಾರಿಗೂ ಬೆಳಕು ಕೊಡದು. ಬಾಗಿಲ ಮೇಲಿನ ಪೆಟ್ಟಿಗೆಯ ಹೊಟ್ಟೆಯಲ್ಲೇ ಬ್ಯಾಟರಿ ಇರುವುದು ಈ ಕಾರಣಕ್ಕೆ.

ಹುಮನಾಬಾದ್ ರಸ್ತೆಯಲ್ಲಿ ಊರು ಬಿಡುವಾಗ ಸಿಗುವ ಕಪನೂರ ಕೈಗಾರಿಕಾ ಪ್ರದೇಶವನ್ನೂ ಸೇರಿ ಈ ಭಾಗದ ತೊಗರಿ ಮಿಲ್ಲುಗಳಲ್ಲಿ ಸುಗ್ಗಿಯ ಕಾಲಕ್ಕೆ ರಾತ್ರಿಯೂ ಕೆಲಸವಿರುತ್ತದೆ. ಕಾಳು ಮೇಲೆತ್ತುವ ಎಲಿವೇಟರ್, ಸಿಪ್ಪೆ ಕೆರೆಯುವ ರೋಲರ್, ಅಟ್ಟಕ್ಕೆ ಹತ್ತುವ ಕಿರಿದಾದ ಕಬ್ಬಿಣದ ಏಣಿ, ಕಾಲಡಿ ಜಾರುವ ಹೊಟ್ಟು. ಕರೆಂಟ್ ಹೋದಾಗ ಮೋಟಾರಿನ ಸದ್ದು ಇಳಿಯುತ್ತದೆ; ಆದರೆ ರೋಲರು, ಪಟ್ಟಾ ಹಿಂದಿನ ವೇಗಕ್ಕೇ ಇನ್ನೂ ಸ್ವಲ್ಪ ಹೊತ್ತು ತಿರುಗುತ್ತವೆ. ಕೈ ಕಾಣದ ಆ ಕೆಲವು ಸೆಕೆಂಡುಗಳೇ ಅಪಾಯದವು. ಜನರೇಟರ್ ಇದ್ದರೂ ಅದನ್ನು ಚಾಲೂ ಮಾಡಲು ಒಬ್ಬರು ಕತ್ತಲಲ್ಲೇ ನಡೆದು ಹೋಗಬೇಕು. ಇಂಥಲ್ಲಿ ಯಂತ್ರದ ಮೇಲೊಂದು, ಏಣಿಯ ತಲೆಗೊಂದು, ಬುಡಕ್ಕೊಂದು, ಬಾಗಿಲಿಗೊಂದು ದೀಪ ಇರಲೇಬೇಕು. 1948ರ ಕಾರ್ಖಾನೆ ಕಾಯ್ದೆ ಕೆಲಸದ ಜಾಗದಲ್ಲಿ ಸಾಕಷ್ಟು ಬೆಳಕು, ಬೆಂಕಿಯಾದರೆ ಪಾರಾಗುವ ದಾರಿ ಎರಡನ್ನೂ ಮಾಲೀಕರ ಹೊಣೆಗೇ ಬಿಟ್ಟಿತ್ತು.

ದೀಪ ಹಾಕಿದಲ್ಲೂ ಅದು ಸಾಯುವ ಬಗೆ ನಮ್ಮಲ್ಲಿ ವಿಶೇಷವಾದದ್ದು. ಸಂಜೆ ಅಂಗಡಿ, ಕಚೇರಿ ಮುಚ್ಚುವಾಗ ಮೈನ್ ಆಫ್ ಮಾಡಿ ಹೋಗುವುದು ನಮ್ಮ ರೂಢಿ. ಒಳ್ಳೆಯ ರೂಢಿಯೇ. ಆದರೆ ಮೈನ್ ಬಿದ್ದ ಕೂಡಲೇ ಆ ಪೆಟ್ಟಿಗೆ ಕರೆಂಟ್ ಹೋಯಿತೆಂದು ತಿಳಿದು ಖಾಲಿ ಕಟ್ಟಡಕ್ಕೆ ಬೆಳಕು ಕೊಡುತ್ತ ಪೂರ್ತಿ ಬರಿದಾಗುತ್ತದೆ. ದಿನಾ ರಾತ್ರಿ ಹೀಗಾದರೆ ಬ್ಯಾಟರಿ ಎಷ್ಟು ದಿನ ಬಾಳೀತು? ದೀಪದ ಲೈನನ್ನು ಮೈನಿನಿಂದ ಬೇರ್ಪಡಿಸುವುದು ಒಬ್ಬ ಎಲೆಕ್ಟ್ರಿಷಿಯನ್ನಿನ ಸಣ್ಣ ಕೆಲಸ. ಇನ್ನೊಂದು ತಪ್ಪು, ಪೆಟ್ಟಿಗೆಯನ್ನು ಹತ್ತಿರದ ಯಾವುದೋ ಪ್ಲಗ್ಗಿಗೆ ಚುಚ್ಚುವುದು. ಮೆಟ್ಟಿಲ ದೀಪದ ಎಂಸಿಬಿ ಮಾತ್ರ ಬಿದ್ದು ಪ್ಲಗ್ಗಿಗೆ ಕರೆಂಟ್ ಇದ್ದರೆ, ಮೆಟ್ಟಿಲು ಕತ್ತಲಾಗಿದ್ದರೂ ಪೆಟ್ಟಿಗೆಗೆ ಅದು ತಿಳಿಯುವುದೇ ಇಲ್ಲ.

ಇವೆರಡಕ್ಕಿಂತ ದೊಡ್ಡ ಶತ್ರು ನಮ್ಮ ಬಿಸಿಲು. ಇಂಥ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿರುವ ಸೀಸದ ಬ್ಯಾಟರಿಯ ಆಯುಷ್ಯವನ್ನು ಸುಮಾರು 25 ಡಿಗ್ರಿ ಸೆಲ್ಸಿಯಸ್ ಲೆಕ್ಕದಲ್ಲಿ ಹೇಳುತ್ತಾರೆ. ಅಲ್ಲಿಂದ ಮೇಲೆ ಪ್ರತಿ 10 ಡಿಗ್ರಿಗೆ ಅದು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಮೇ ತಿಂಗಳಲ್ಲಿ ಕಲಬುರಗಿಯ ನೆರಳಿನಲ್ಲೇ 42, 43 ಡಿಗ್ರಿ. ಪತ್ರಾಸಿನ ಶೆಡ್ಡಿನೊಳಗೆ ಚಾವಣಿಗೆ ತಾಗಿ ಕೂತ ಪೆಟ್ಟಿಗೆಯ ಪಾಡು ಕೇಳುವುದೇ ಬೇಡ. ಬೆಂಗಳೂರಿನಲ್ಲಿ ನಾಲ್ಕು ವರ್ಷ ಬಾಳುವ ಬ್ಯಾಟರಿ ಇಲ್ಲಿ ಎರಡಕ್ಕೇ ಸೋತರೆ ಆಶ್ಚರ್ಯವಿಲ್ಲ. ಸೋತದ್ದು ಹೊರಗೆ ಕಾಣುವುದೂ ಇಲ್ಲ. ಚಾರ್ಜಿನ ಸಣ್ಣ ಹಸಿರು ದೀಪ ಉರಿಯುತ್ತಲೇ ಇರುತ್ತದೆ.

ಟೆಸ್ಟ್ ಬಟನ್ ಒತ್ತಿ ನೋಡಿದರೆ ಸಾಲದು ಎನ್ನುವುದು ಇದಕ್ಕೇ. ಐದು ನಿಮಿಷದ ಜೀವ ಉಳಿದ ಬ್ಯಾಟರಿಯೂ ಬಟನ್ ಒತ್ತಿದಾಗ ಝಗ್ಗನೆ ಉರಿಯುತ್ತದೆ. ಅಮೆರಿಕದ ನಿಯಮ ತಿಂಗಳಿಗೊಮ್ಮೆ 30 ಸೆಕೆಂಡು, ವರ್ಷಕ್ಕೊಮ್ಮೆ ಪೂರ್ತಿ 90 ನಿಮಿಷ ಉರಿಸಿ ನೋಡಬೇಕೆನ್ನುತ್ತದೆ. ನಮ್ಮ ಭಾಗಕ್ಕೆ ಇದನ್ನು ಹೊಂದಿಸುವುದು ಕಷ್ಟವಲ್ಲ. ಅಮವಾಸ್ಯೆಗೆ ಗಾಡಿಗೆ, ಯಂತ್ರಕ್ಕೆ, ಗಲ್ಲಾಪೆಟ್ಟಿಗೆಗೆ ಕಾಯಿ ಒಡೆಯುತ್ತೇವೆ. ಅದೇ ದಿನ ಮೆಟ್ಟಿಲು, ಓಣಿಗಳ ದೀಪದ ಎಂಸಿಬಿ ಇಳಿಸಿ ಒಂದು ಸುತ್ತು ನಡೆದು ಬರಬಹುದು. ಯಾವುದು ಹತ್ತಿತು, ಯಾವುದು ಹತ್ತಲಿಲ್ಲ, ಯಾವುದರ ಮೇಲೆ ಹೊಟ್ಟಿನ ಧೂಳು ಕೂತಿದೆ ಎಂದು ರಿಜಿಸ್ಟರಿನಲ್ಲಿ ಬರೆದು, ಧೂಳು ಒರೆಸಿದರಾಯಿತು. ಒಂದೂವರೆ ಗಂಟೆಯ ದೊಡ್ಡ ಪರೀಕ್ಷೆಗೆ ಖಂಡೆಪೂಜೆಗಿಂತ ಒಳ್ಳೆಯ ದಿನ ಇಲ್ಲ. ಯಂತ್ರಗಳು ನಿಂತಿರುತ್ತವೆ, ಬೇಸಿಗೆಯ ಪೆಟ್ಟು ತಿಂದ ಬ್ಯಾಟರಿಗಳ ಬಂಡವಾಳ ಅಂದು ಬಯಲಾಗುತ್ತದೆ, ಡಿಸೆಂಬರಿನ ಹೊಸ ತೊಗರಿ ಬರುವ ಮೊದಲೇ ಬದಲಿಸಲು ಸಮಯವೂ ಇರುತ್ತದೆ. ಒಂದೇ ಎಚ್ಚರ: ಪರೀಕ್ಷೆಯಾದ ಮೇಲೆ ಬ್ಯಾಟರಿ ಮತ್ತೆ ತುಂಬಲು ಒಂದು ದಿನ ಬೇಕು. ರಾತ್ರಿ ಜನ ಇರುವ ಆಸ್ಪತ್ರೆ, ಹಾಸ್ಟೆಲುಗಳಲ್ಲಿ ಎಲ್ಲ ದೀಪಗಳನ್ನೂ ಒಂದೇ ದಿನ ಬರಿದು ಮಾಡಬಾರದು. ಅರ್ಧ ಇವತ್ತು, ಉಳಿದರ್ಧ ಮರುವಾರ.

ಹುಮನಾಬಾದ್ ರಸ್ತೆಯಲ್ಲೇ ಮಹಾಗಾಂವ ಕ್ರಾಸ್ ದಾಟಿ ಮುಂದೆ ಹೋದರೆ ಕೆಂಪು ಬಾಳೆಯ ಕಮಲಾಪುರ. ಈಚೆಗೆ ತಾಲ್ಲೂಕು ಕೇಂದ್ರವಾದ ಈ ಊರಿನಂಥಲ್ಲಿ ಕೆಳಗೆ ಅಂಗಡಿ, ಮೇಲೆ ಕಚೇರಿ ಅಥವಾ ಟ್ಯೂಷನ್ ಕೋಣೆ, ನಡುವೆ ಒಂದೇ ಮೆಟ್ಟಿಲು ಇರುವ ಕಟ್ಟಡಗಳು ಏಳುತ್ತಲೇ ಇರುತ್ತವೆ. ಕಾರ್ಖಾನೆಗಳ ಕಾನೂನಿಗೆ ಇವು ಸಿಗವು. ಕೇಳುವ ಇನ್ಸ್‌ಪೆಕ್ಟರ್ ಬರದಿರಬಹುದು. ಮೆಟ್ಟಿಲ ಕೆಳಗೆ ಮೀಟರ್ ಬೋರ್ಡು, ಅದರ ಪಕ್ಕ ರಟ್ಟಿನ ಡಬ್ಬಿಗಳ ರಾಶಿ ಇದ್ದರೆ ಪಾರಾಗುವ ದಾರಿಯಲ್ಲೇ ಬೆಂಕಿ ಹುಟ್ಟುತ್ತದೆ. ಹೊಸದಾಗಿ ಕಟ್ಟುತ್ತಿರುವವರು ಬೋರ್ಡನ್ನು ಮೆಟ್ಟಿಲಿನಿಂದ ದೂರ ಇಡಿಸಲಿ. ಕಟ್ಟಿಯಾಗಿದ್ದರೆ ಡಬ್ಬಿಗಳನ್ನಾದರೂ ತೆಗೆಸಿ, ಮೆಟ್ಟಿಲಿಗೊಂದು ಬ್ಯಾಟರಿ ದೀಪ ಹಾಕಿಸಲಿ. ಹೊಗೆ ಮೇಲೇರುವುದರಿಂದ ಮೆಟ್ಟಿಲ ಅಂಚಿಗೆ, ನೆಲದ ಹತ್ತಿರದ ಗೋಡೆಗೆ ಕತ್ತಲಲ್ಲಿ ಹೊಳೆಯುವ ಪಟ್ಟಿ ಅಂಟಿಸಿದರೆ ಇನ್ನೂ ಒಳ್ಳೆಯದು.

ಇಂಥ ಪೆಟ್ಟಿಗೆಯ ಒಂದು ಬ್ಯಾಟರಿಗೆ ಒಂದು ಚೀಲ ತೊಗರಿಯ ಬೆಲೆಯೂ ಆಗುವುದಿಲ್ಲ. ಮಿಲ್ಲಿನ ಮಾಲೀಕರು, ಆಸ್ಪತ್ರೆಯ ಆಡಳಿತ ನೋಡುವವರು, ಶಾಲೆಯ ಮುಖ್ಯ ಗುರುಗಳು ಮುಂದಿನ ಅಮವಾಸ್ಯೆಯೊಳಗೆ ಈ ದೀಪಗಳನ್ನು ಒಬ್ಬರ ಹೆಸರಿಗೆ ವಹಿಸಲಿ, ಆ ಹೆಸರನ್ನು ರಿಜಿಸ್ಟರಿನ ಮೊದಲ ಪುಟದಲ್ಲಿ ಬರೆಸಲಿ. ಅಲ್ಲಿ ದುಡಿಯುವವರೂ ಆ ರಿಜಿಸ್ಟರನ್ನು ಕೇಳಿ ನೋಡಲಿ.