ನಗರದ ಹವಾಮಾನ ಯೋಜನೆ: ಲೆಕ್ಕ, ಹೊಣೆ, ಹಣ

ಬೆಂಗಳೂರಿನ ಹವಾಮಾನ ಕ್ರಿಯಾ ಯೋಜನೆಯನ್ನು ಮಹಾನಗರ ಪಾಲಿಕೆ 2023ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿತು. ನಗರ ಹೊರಹಾಕುವ ಹಸಿರುಮನೆ ಅನಿಲಗಳನ್ನು 2050ರೊಳಗೆ ನಿವ್ವಳ ಸೊನ್ನೆಗೆ ಇಳಿಸುವುದು ಅದರ ಗುರಿ. ಅದಕ್ಕಾಗಿ ಪಟ್ಟಿ ಮಾಡಿರುವ ಕೆಲಸಗಳು 269. ಮುಂಬೈ 2022ರ ಮಾರ್ಚ್‌ನಲ್ಲೇ ಇಂಥದೊಂದು ಯೋಜನೆ ಹೊರತಂದಿತ್ತು. ಅದರ ಗುರಿಯೂ 2050. ಅಷ್ಟು ದೂರದ ಇಸವಿಯನ್ನು ಬರೆದಿಡುವುದು ಕಷ್ಟವಲ್ಲ. ಆ ಹೊತ್ತಿಗೆ ಇಂದಿನ ಅಧಿಕಾರಿಗಳಾಗಲಿ ಜನಪ್ರತಿನಿಧಿಗಳಾಗಲಿ ಉತ್ತರ ಹೇಳಬೇಕಾದ ಜಾಗದಲ್ಲಿ ಇರುವುದಿಲ್ಲ. ಹಾಗಾಗಿ ಗುರಿಯ ಇಸವಿ ನೋಡಿ ಯೋಜನೆಯನ್ನು ಅಳೆಯಲಾಗದು. ಯಾವ ಅನಿಲ ಎಲ್ಲಿಂದ ಎಷ್ಟು ಬರುತ್ತಿದೆ, ಅದನ್ನು ಇಳಿಸುವ ಹೊಣೆ ಯಾವ ಸಂಸ್ಥೆಯದು, ಈ ವರ್ಷದ ಬಜೆಟ್ಟಿನಲ್ಲಿ ಅದಕ್ಕೆ ಹಣ ಎಲ್ಲಿದೆ? ಈ ಮೂರು ಪ್ರಶ್ನೆಗಳಿಗೆ ಎಷ್ಟು ಸ್ಪಷ್ಟ ಉತ್ತರ ಇದೆಯೋ ಯೋಜನೆ ಅಷ್ಟು ಗಟ್ಟಿ.

ಮೊದಲು ಬೇಕಾದದ್ದು ಲೆಕ್ಕ. ನಗರದೊಳಗೆ ಉರಿಯುವ ಪೆಟ್ರೋಲ್, ಡೀಸೆಲ್, ಅಡುಗೆ ಅನಿಲ ಒಂದು ಬಾಬತ್ತು. ನಗರಕ್ಕಾಗಿ ಬೇರೆಡೆ ತಯಾರಾಗುವ ವಿದ್ಯುತ್ತು ಇನ್ನೊಂದು. ಕೊಳೆಯುವ ಕಸ ಮತ್ತು ಚರಂಡಿ ನೀರು ಮಗದೊಂದು. ಮುಂಬೈ ಹೀಗೆ ಕೂಡಿಸಿದಾಗ 2019ರಲ್ಲಿ ಅದು ಹೊರಹಾಕಿದ ಅನಿಲ 2.34 ಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಸಮವೆಂದು ತಿಳಿಯಿತು. ಅದರಲ್ಲಿ ಸಾರಿಗೆಯ ಪಾಲು ಶೇ 20, ಕಸದ್ದು ಶೇ 8. ಉಳಿದ ಶೇ 72ರಷ್ಟು ಮನೆ, ಕಚೇರಿ, ಅಂಗಡಿ, ಕಾರ್ಖಾನೆಗಳು ಬಳಸುವ ವಿದ್ಯುತ್ತು ಮತ್ತು ಇಂಧನದಿಂದ ಬಂದದ್ದು. ಸಿಗ್ನಲ್‌ನಲ್ಲಿ ಮೂಗಿಗೆ ಬಡಿಯುವ ಹೊಗೆಗಿಂತ ಗೋಡೆಯ ಸ್ವಿಚ್ಚಿನ ಹಿಂದಿನ ಹೊಗೆ ಹೆಚ್ಚು. ಬೆಂಗಳೂರಿನಲ್ಲಿ ಸ್ವಿಚ್ ಒತ್ತಿದರೆ ಅದಕ್ಕೆ ಬೇಕಾದ ಕಲ್ಲಿದ್ದಲಿನ ಒಂದು ಭಾಗ ರಾಯಚೂರು, ಬಳ್ಳಾರಿಗಳ ಸ್ಥಾವರಗಳಲ್ಲಿ ಉರಿಯುತ್ತದೆ. ದೇಶದ ವಿದ್ಯುತ್ ಜಾಲದ ಸರಾಸರಿ ಹಿಡಿದರೆ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್.

ಈ ಅಂಕಿಯನ್ನು ಒಂದು ಮನೆಯೊಳಗೆ ತಂದು ನೋಡೋಣ. ಎರಡು ಕಿಲೋವಾಟ್ ಗೀಸರ್ ದಿನಕ್ಕೆ ಒಂದು ತಾಸು ಓಡಿದರೆ ಎರಡು ಯೂನಿಟ್, ಅಂದರೆ 1.4 ಕಿಲೋ ಅನಿಲ. ಬಿಸಿಲಿರುವ 300 ದಿನ ಅದೇ ನೀರನ್ನು ಚಾವಣಿಯ ಸೋಲಾರ್ ಹೀಟರ್ ಕಾಯಿಸಿದರೆ ವರ್ಷಕ್ಕೆ 420 ಕಿಲೋ ಉಳಿಯುತ್ತದೆ. ಬೆಂಗಳೂರಿನ ಚಾವಣಿಗಳ ಮೇಲೆ ಇಷ್ಟೊಂದು ಸೋಲಾರ್ ಹೀಟರ್‌ಗಳು ಕಾಣಲು ಜನಜಾಗೃತಿಯೊಂದೇ ಕಾರಣವಲ್ಲ. ನಿಗದಿತ ವಿಸ್ತೀರ್ಣ ಮೀರಿದ ಹೊಸ ಮನೆಗೆ ವಿದ್ಯುತ್ ಸಂಪರ್ಕ ಬೇಕಿದ್ದರೆ ಹೀಟರ್ ಇರಲೇಬೇಕೆಂದು ಬೆಸ್ಕಾಂ ಷರತ್ತು ಹಾಕಿದ್ದೂ ಕಾರಣ. ಕಟ್ಟುವ ಹಂತದಲ್ಲೇ ನಿಯಮ ಇದ್ದರೆ ಖರ್ಚು ಕಡಿಮೆ, ಫಲ ದೀರ್ಘಕಾಲದ್ದು. ಕಟ್ಟಡಗಳ ಗಾಳಿ, ನೆರಳು, ಚಾವಣಿಗಳ ವಿಷಯದಲ್ಲೂ ನಕ್ಷೆ ಮಂಜೂರು ಮಾಡುವ ಮೇಜಿನಲ್ಲೇ ಇಂಥ ಷರತ್ತು ಬರಬೇಕು.

ಲೆಕ್ಕ ಸರಿಯಾಗಿದ್ದರೆ ಯಾರೂ ಹವಾಮಾನದ ಕೆಲಸವೆಂದು ಕರೆಯದ ಕೆಲಸಗಳೂ ಅದರಲ್ಲಿ ಕಾಣಿಸಿಕೊಳ್ಳುತ್ತವೆ. ಕಾವೇರಿ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಹಂತಹಂತವಾಗಿ ಪಂಪ್ ಆಗಿ, ಸುಮಾರು 100 ಕಿಲೋಮೀಟರ್ ದೂರ, 500 ಮೀಟರಿನಷ್ಟು ಎತ್ತರ ಏರಿ ಬೆಂಗಳೂರಿಗೆ ಬರುತ್ತದೆ. ಸಾವಿರ ಲೀಟರನ್ನು ಅಷ್ಟು ಎತ್ತರಕ್ಕೆ ಎತ್ತಲು ಕನಿಷ್ಠ 1.36 ಯೂನಿಟ್ ಬೇಕು. ಪಂಪ್ ಮತ್ತು ಕೊಳವೆಗಳಲ್ಲಿ ನಷ್ಟವಾಗುವುದನ್ನು ಸೇರಿಸಿದರೆ ಎರಡು ಯೂನಿಟ್ ಸಮೀಪ. ಹಾಗಾದರೆ ಕೊಳವೆ ಒಡೆದು ಮಣ್ಣುಪಾಲಾದ ಪ್ರತಿ ಸಾವಿರ ಲೀಟರ್ ನೀರು ಒಂದು ತಾಸು ಸುಮ್ಮನೆ ಉರಿದ ಗೀಸರಿಗೆ ಸಮ. ಸೋರಿಕೆ ತಡೆಯುವುದು, ಮಳೆನೀರು ಹಿಡಿಯುವುದು, ಸಂಸ್ಕರಿಸಿದ ನೀರನ್ನು ಮತ್ತೆ ಬಳಸುವುದು ಎಲ್ಲವೂ ಅನಿಲ ಇಳಿಸುವ ಕೆಲಸಗಳೇ. ಕಸದ ವಿಷಯದಲ್ಲೂ ಹೀಗೇ. ಗುಡ್ಡೆಯಡಿ ಗಾಳಿಯಾಡದೆ ಕೊಳೆಯುವ ಹಸಿ ಕಸದಿಂದ ಹೊಮ್ಮುವ ಮೀಥೇನ್, ನೂರು ವರ್ಷದ ಅವಧಿಯಲ್ಲಿ ನೋಡಿದರೆ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಶಾಖ ಹಿಡಿಯುತ್ತದೆ. ಹಸಿ ಕಸ, ಒಣ ಕಸ ಬೇರೆಯಾಗಿ ಮನೆ ಬಾಗಿಲಲ್ಲೇ ಸಂಗ್ರಹವಾದರೆ ಮೀಥೇನ್ ಇಳಿಯುತ್ತದೆ. ಮಂಡೂರಿನಂಥ ಹಳ್ಳಿಗಳು ನಗರದ ಕಸ ಹೊತ್ತು ಅನುಭವಿಸಿದ ಅನ್ಯಾಯವೂ ಮರುಕಳಿಸುವುದಿಲ್ಲ.

ಲೆಕ್ಕವಿದ್ದರೂ ಹೊಣೆ ಮತ್ತು ಹಣ ಬೇರೆಯವರ ಕೈಯಲ್ಲಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಕೋಪನ್‌ಹೇಗನ್ ನಿದರ್ಶನ. 2025ರೊಳಗೆ ಇಂಗಾಲ ತಟಸ್ಥವಾಗುವ ಯೋಜನೆಯನ್ನು ಅಲ್ಲಿನ ನಗರಸಭೆ 2012ರಲ್ಲಿ ಒಪ್ಪಿತು. ಬಹುಪಾಲು ಎಲ್ಲ ಕಟ್ಟಡಗಳಿಗೂ ಕೊಳವೆಗಳ ಮೂಲಕ ಬಿಸಿನೀರು ಹರಿಸುವ ಜಾಲ ಅಲ್ಲಿ ಸಾರ್ವಜನಿಕ ಒಡೆತನದಲ್ಲಿತ್ತು. ಆ ನೀರನ್ನು ಕಾಯಿಸುವ ಕಲ್ಲಿದ್ದಲನ್ನು ಬದಲಿಸುತ್ತ ಹೋದಂತೆ ಇಡೀ ಊರಿನ ಅನಿಲ ಇಳಿಯಿತು. (ಅದರ ಬದಲು ಮರದ ಇಂಧನ ಉರಿಸುವುದು ಎಷ್ಟು ಸರಿ ಎಂಬ ಚರ್ಚೆ ಇನ್ನೂ ಇದೆ.) ಕೊನೆಯ ಭಾಗ ಮಾತ್ರ, ಅಮಾಗರ್‌ನ ಕಸ ಸುಡುವ ಸ್ಥಾವರದ ಹೊಗೆಯಿಂದ ಇಂಗಾಲ ಹಿಡಿಯುವ ವ್ಯವಸ್ಥೆ, ರಾಷ್ಟ್ರೀಯ ಅನುದಾನವನ್ನು ನಂಬಿತ್ತು. ಅದು ಸಿಗದೆ 2022ರಲ್ಲಿ ನಗರ ತನ್ನ ಗಡುವನ್ನು ಕೈಬಿಡಬೇಕಾಯಿತು. ಕೈಗೆಟಕುವ ಕೆಲಸ ಆಯಿತು, ಬೇರೆಯವರ ಹಣ ನಂಬಿದ ಕೆಲಸ ನಿಂತಿತು.

ಇಲ್ಲೊಂದು ಗಟ್ಟಿ ಆಕ್ಷೇಪವಿದೆ. ಬಸ್ಸು ಓಡಿಸುವ ಬಿಎಂಟಿಸಿ, ವಿದ್ಯುತ್ತು ಕೊಡುವ ಬೆಸ್ಕಾಂ, ಜಲಮಂಡಳಿ ಯಾವುದೂ ಪಾಲಿಕೆಯದಲ್ಲ. ಮೆಟ್ರೊದಲ್ಲಿ ಕೇಂದ್ರದ ಪಾಲೂ ಇದೆ. ಹೀಗಿರುವಾಗ ಪಾಲಿಕೆಯ ಯೋಜನೆಗೆ ಬೆಲೆ ಏನು? ಆಕ್ಷೇಪ ನಿಜ, ಅದಕ್ಕೇ ಪ್ರತಿಯೊಂದು ಕೆಲಸದ ಎದುರು ಸಂಸ್ಥೆಯ ಹೆಸರು, ವರ್ಷದ ಗುರಿ, ಹಣದ ಮೊತ್ತ ಬರೆಯಬೇಕು. 2025ರಲ್ಲಿ ಪಾಲಿಕೆಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರಪಾಲಿಕೆಗಳು ಬಂದಿವೆ. ಈ ನಗರಪಾಲಿಕೆಗಳನ್ನೂ ಬಸ್ಸು, ವಿದ್ಯುತ್ತು, ನೀರಿನ ಸಂಸ್ಥೆಗಳನ್ನೂ ಒಂದೇ ಮೇಜಿಗೆ ಕರೆಯುವುದು ಪ್ರಾಧಿಕಾರದ ಕೆಲಸವಾಗದಿದ್ದರೆ, ಐದು ಕಡೆ ಹಂಚಿಹೋದ ಹೊಣೆ ಯಾರದೂ ಅಲ್ಲದಾಗುತ್ತದೆ.

ಭಾರತೀಯನೊಬ್ಬನ ಪಾಲಿನ ಅನಿಲ ಜಗತ್ತಿನ ಸರಾಸರಿಯ ಅರ್ಧಕ್ಕೂ ಕಡಿಮೆ, ಭಾರ ಹೊರಬೇಕಾದವರು ಶ್ರೀಮಂತ ದೇಶದವರು ಎನ್ನುವುದು ಇನ್ನೊಂದು ವಾದ. ನ್ಯಾಯದ ದೃಷ್ಟಿಯಿಂದ ಅದು ಸರಿ, ಅಂತಾರಾಷ್ಟ್ರೀಯ ಮಾತುಕತೆಯಲ್ಲಿ ಅದನ್ನು ಬಿಟ್ಟುಕೊಡಬೇಕಿಲ್ಲ. ಆದರೆ ನಮ್ಮ ನಗರಗಳು ಇನ್ನೂ ಬೆಳೆಯುತ್ತಿವೆ. ಈಗ ಕಾರಿಗಾಗಿ ಕಟ್ಟಿದ ಊರನ್ನು ಬಸ್ಸಿನ ಊರಾಗಿ ಮುಂದೆ ಬದಲಿಸುವುದು ತೀರಾ ದುಬಾರಿ. ಬಸ್ಸು ಹೆಚ್ಚಿದರೆ, ಕೊಳವೆ ಸೋರದಿದ್ದರೆ, ಕಸ ರಾಶಿ ಬೀಳದಿದ್ದರೆ ಮೊದಲು ಲಾಭವಾಗುವುದು ಕಾರಿಲ್ಲದವರಿಗೆ, ಟ್ಯಾಂಕರಿಗೆ ದುಡ್ಡು ಸುರಿಯುವವರಿಗೆ, ಕಸದ ಗುಡ್ಡೆಯ ಪಕ್ಕ ಬದುಕುವವರಿಗೆ. ಆದ್ದರಿಂದ ಪ್ರತಿವರ್ಷ ಬಜೆಟ್ ಮಂಡನೆಯ ದಿನವೇ ನಗರದ ಅನಿಲದ ಲೆಕ್ಕವೂ ಸಂಸ್ಥೆವಾರು ಮಂಡನೆಯಾಗಲಿ. ಯಾರು ಎಷ್ಟು ಇಳಿಸಿದರು, ಯಾರು ಇಳಿಸಲಿಲ್ಲ ಎಂಬುದು ವಾರ್ಡಿನ ಜನರಿಗೆ ಗೊತ್ತಾದರೆ ಅವರು 2050ರವರೆಗೆ ಕಾಯದೆ ಮುಂದಿನ ವಾರ್ಡ್ ಸಭೆಯಲ್ಲೇ ಉತ್ತರ ಕೇಳಬಹುದು.