ಹಳೇ ಶೀಟು: ಕೆರೆಯಬೇಡಿ, ಕೊರೆಯಬೇಡಿ



ಹಳೇ ಮನೆಯ ಸಿಮೆಂಟ್ ಶೀಟು, ಛಾವಣಿಯ ಒಳಬದಿಯ ಹಲಗೆ, ಉಬ್ಬುತಗ್ಗಿನ ಲೇಪನ, ಇವುಗಳಲ್ಲಿ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಇರಬಹುದು. ನೋಡಿ ಹೇಳಲಾಗದು, ಪ್ರಯೋಗಾಲಯವೇ ಹೇಳಬೇಕು. ಅಲ್ಲಿಯವರೆಗೆ ಇದೆಯೆಂದೇ ತಿಳಿಯಿರಿ.

ಗಟ್ಟಿಯಾಗಿರುವವರೆಗೆ ಅಪಾಯ ಕಡಿಮೆ. ಒಡೆದರೆ, ಕೊರೆದರೆ, ಪಾಚಿ ಕೆರೆದರೆ ಕಣ್ಣಿಗೆ ಕಾಣದ ಎಳೆಗಳು ಶ್ವಾಸಕೋಶ ಸೇರುತ್ತವೆ. ರೋಗ ತೋರುವುದು ಸಾಮಾನ್ಯವಾಗಿ 20-40 ವರ್ಷಗಳ ಮೇಲೆ. ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ, ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕೆಂದದ್ದು ಇದಕ್ಕೇ.

ಉತ್ತರಾಯಣದ ಗಾಳಿಪಟಕ್ಕೆಂದು ಮಕ್ಕಳನ್ನು ಶೀಟಿನ ಮೇಲೆ ಹತ್ತಿಸಬೇಡಿ. ಬಿರುಕಿದ್ದರೆ ಬಣ್ಣ ಬಳಿದು ಮುಚ್ಚಿಸಿ. ತೆಗೆಸಲೇಬೇಕಾದರೆ ಅನುಭವಿಗಳಿಂದ, ನೀರು ಚಿಮುಕಿಸಿ, ಇಡಿಯಾಗಿ ಇಳಿಸಿ. ಒಣ ಪೊರಕೆ ಬೇಡ, ಒದ್ದೆ ಬಟ್ಟೆಯಿಂದ ಒರೆಸಿ. ಕೆಲಸದವರಿಗೆ ಬಟ್ಟೆಯ ಮುಖಗವಸು ಸಾಲದು.

ಹಿಂದೆ ಶೀಟು, ಬಾಯ್ಲರ್ ಕೆಲಸ ಮಾಡಿ ಈಗ ಏದುಸಿರು ಬಿಡುವ ಹಿರಿಯರಿದ್ದರೆ, ಆ ಕೆಲಸದ ವಿಷಯ ವೈದ್ಯರಿಗೆ ಹೇಳಿಸಿ, ನಮಗೂ ತಿಳಿಸಿ. ಎಕ್ಸ್‌ರೇ, ಉಸಿರಾಟದ ಪರೀಕ್ಷೆಯ ಖರ್ಚು ಎಲ್ಲರಿಗೂ ನೀಗುವಂಥದ್ದಲ್ಲ. ವೈದ್ಯಕೀಯ ನೆರವು ನಿಧಿಗೆ ನಿಮ್ಮ ಕೈಲಾದಷ್ಟು ನೀಡಿ.